ಸಿಂಫನಿ ಮುಗಿಯಿತೆಂದುಕೊಂಡ ಐದು ದಿನ

ನುಗ್ಗೇಹಳ್ಳಿ
ಬುಧವಾರ, 22 ಜನವರಿ 2025

ನನ್ನ ಪ್ರೀತಿಯ, ತುಂಬಾ ತುಂಬಾ ಪ್ರೀತಿಯ, ಆದರೂ ಸಿಟ್ಟು ಬರಿಸುವ ದಿಲೀಪ್,

ಸಿಂಫನಿಯಲ್ಲಿ ಏನು ಕೇಳಿಸಿತೆಂದು ಫೋನಿನಲ್ಲಿ ಹೇಳಬೇಡ, ಕಾಗದದಲ್ಲಿ ಬರೆ, ಆಗಲೇ ಕಿವಿ ಚುರುಕಾಗುವುದು ಎಂದಿರಿ. ತಗೊಳ್ಳಿ, ಬರೆಯುತ್ತಿದ್ದೇನೆ. ಮದುವೆಯಾಗಿ ಏಳು ವಾರ. ಹಾಸನದಲ್ಲಿ ಮನೆ ಸಿಗುವವರೆಗೆ ಊರಲ್ಲಿ ನಮ್ಮಪ್ಪ ಅಮ್ಮನ ಜೊತೆ ಇರು, ಬೇಜಾರಾದರೆ ಸಿಂಫನಿ ಕೇಳು ಎಂದು ಹೆಂಡತಿಯ ಕೈಗೆ ಸ್ಪೀಕರ್ ಕೊಟ್ಟು ಹೋದ ಗಂಡ ಈ ತಾಲ್ಲೂಕಿಗೆ ನೀವೊಬ್ಬರೇ ಇರಬೇಕು.

ಮೊದಲು ತಪ್ಪೊಪ್ಪಿಗೆ. ಕೊನೆ ಅದ್ಭುತವಾಗಿದೆ ಎಂದೆನಲ್ಲ, ಆ ಕೊನೆಯನ್ನು ನಾನು ಕೇಳಿಯೇ ಇರಲಿಲ್ಲ. ಎಲ್ಲರೂ ಜೋರಾಗಿ ಬಾರಿಸಿ ನಿಲ್ಲಿಸಿದರು; ಮುಗಿಯಿತೆಂದು ಐದು ದಿನವೂ ಆಫ್ ಮಾಡಿ ಅವರೆಕಾಯಿ ಬಿಡಿಸಲು ಹೋದೆ. ಆರನೆಯ ದಿನ ಆಫ್ ಮಾಡಲು ಮರೆತೆ, ನೋಡಿದರೆ ಮತ್ತೆ ಶುರುವಾಯಿತು. ಇನ್ನೂ ಮೂರು ಭಾಗ ಇದೆಯೆಂದು ಮೊದಲೇ ಹೇಳಬಾರದಿತ್ತೇ? ನಾನು ಹೊಗಳುತ್ತಿದ್ದಾಗ ನೀವು ಫೋನಿನಲ್ಲಿ ಸುಮ್ಮನೆ ನಕ್ಕಿರಿ. ಆ ನಗು ಈಗ ಅರ್ಥವಾಗುತ್ತಿದೆ.

ಒಂದೇ ವಾದ್ಯದ ಬೆನ್ನು ಹಿಡಿ ಎಂದಿರಿ. ಮೂವತ್ತು ಪಿಟೀಲು ಒಟ್ಟಿಗೆ ಓಡುವಾಗ ಯಾವುದರ ಬೆನ್ನು ಹಿಡಿಯಲಿ? ಮಾವ ಹತ್ತು ನಿಮಿಷ ತಾಳ್ಮೆಯಿಂದ ಕೂತಿದ್ದು, "ಇನ್ನೂ ಸುರುತಿ ಸೇರಿಸ್ತಾವ್ರೇನವ್ವಾ? ಹಾಡೋರು ಯಾವಾಗ ಬತ್ತಾರೆ?" ಎಂದು ಕೇಳಿದರು. ಹಾಡುವವರು ಯಾರೂ ಇಲ್ಲ ಎಂದೆ. ಟವೆಲ್ ಕೊಡವಿಕೊಂಡು ತೋಟಕ್ಕೆ ಹೊರಟೇಬಿಟ್ಟರು.

ಕೊನೆಗೆ ಸರಿಯಾಗಿ ಕೇಳಿಸಿಕೊಂಡವರು ಅತ್ತೆ. ಎರಡನೆಯ ಭಾಗ ನಡೆಯುತ್ತಿದ್ದಾಗ ಕಾಯಿ ಬಿಡಿಸುತ್ತಲೇ, "ಆಗ್ಲೇ ಕೊಳಲಲ್ಲಿ ಬಂತಲ್ಲ, ಅದೇ ಕಣವ್ವ ಇದು. ಈಗ ದಪ್ಪ ಗಂಟಲಲ್ಲಿ ಯೋಳ್ತಾವ್ರೆ. ನಿಮ್ಮಾವ ಉಣ್ಣಕ್ಕಿಕ್ಕು ಅನ್ನೋದೂ ಅಂಗೇಯ, ಮೊದ್ಲು ಮೆತ್ತಗೆ, ಆಮೇಲೆ ಬೀದಿಗೆಲ್ಲ ಕೇಳೋ ಅಂಗೆ" ಎಂದರು. ಮತ್ತೆ ಹಾಕಿ ಕೇಳಿದೆ. ನಿಜ. ಅದೇ ರಾಗ ಮೂರು ಸಲ ಬರುತ್ತದೆ, ಪ್ರತಿ ಸಲವೂ ಬೇರೆ ಮನಸ್ಸಿನಲ್ಲಿ. ನೀವು ಕಳಿಸಿದ ಅಷ್ಟುದ್ದದ ಟಿಪ್ಪಣಿಯಲ್ಲಿ ಇದು ನನಗೆ ಸಿಕ್ಕಿರಲಿಲ್ಲ. ಎಷ್ಟು ಖುಷಿಯಾಯಿತೆಂದರೆ, ನಿಮಗೆ ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ. ನೀವಿರಲಿಲ್ಲ. ನಿಜವಾಗಿ ಸಿಟ್ಟು ಬಂದದ್ದು ಆಗ.

ಆದ್ದರಿಂದ ಮುಂದಿನ ಸಿಂಫನಿಯನ್ನು ನಾನೊಬ್ಬಳೇ ಕೇಳುವುದಿಲ್ಲ. ಟಿಪ್ಪಣಿಯನ್ನೂ ಕಳಿಸಬೇಡಿ.

ಏಳು ವಾರದಿಂದ ನಿಮ್ಮವಳೇ ಆದ
ಧನ್ಯಾ

ತಾ.ಕ.: ಈ ಕಾಗದ ತಂದುಕೊಟ್ಟ ನಿಮ್ಮ ಆಫೀಸಿನ ಕುಮಾರ್ ಅವರನ್ನು ಬೈಯಬೇಡಿ. ಮನೆ ಸಿಕ್ಕಿ ಹದಿನೈದು ದಿನವಾಯಿತು, ಬಣ್ಣ ಹೊಡೆಸಿ, ಮಂಚ ಸೋಫಾ ತಂದ ಮೇಲೆ ನನಗೆ ಸರ್‌ಪ್ರೈಸ್ ಕೊಡುತ್ತೀರಂತೆ ಎಂದು ಬಾಯಿ ಬಿಟ್ಟವರು ಅವರೇ. ಸೋಫಾ ಯಾರಿಗೆ ಬೇಕು? ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ, ಅತ್ತೆ ನನ್ನ ಬಟ್ಟೆ ಜೋಡಿಸಿಯೂ ಆಯಿತು. ಒಂದು ಚಾಪೆ ತಂದಿಡಿ.