ಖಾಲಿ ಸಂದೇಶ

ಮಾರ್ಚ್ ೧೪, ಗುರುವಾರ

ಮನೆಯವರು ರೋಗಿಗಳಿಗೆ ಸಂದೇಶ ಕಳಿಸಲೆಂದು ಆಸ್ಪತ್ರೆಯ ವೆಬ್‌ಸೈಟಿನಲ್ಲಿರುವ ಪುಟವನ್ನು ನೋಡಿಕೊಳ್ಳುವವಳು ನಾನೇ. ಹನ್ನೊಂದನೇ ಹಾಸಿಗೆಗೆ ದಿನವೂ ಒಂದು ಖಾಲಿ ಸಂದೇಶ ಬರುತ್ತಿತ್ತು. ಏನೋ ದೋಷವೆಂದು ತಿಂಗಳಿಡೀ ತಲೆ ಕೆಡಿಸಿಕೊಂಡೆ. ಕೊನೆಗೆ ಸೋಮವಾರ, ಏನೂ ಬರೆಯದಿದ್ದರೆ ಕಳಿಸಲಾಗದಂತೆ ಮಾಡಿ ನಿರಾಳವಾಗಿ ಮಲಗಿದೆ.

ಇವತ್ತು ವಾರ್ಡಿನ ನರ್ಸಕ್ಕ ಫೋನ್ ಮಾಡಿದರು. "ಏನಮ್ಮಾ ಮಾಡ್ಬಿಟ್ಟೆ? ಹನ್ನೊಂದನೇ ಹಾಸಿಗೆ ಅಜ್ಜಿ ಮೂರು ದಿನದಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ."

"ಅದರಲ್ಲಿ ಏನೂ ಇರ್ತಿರಲಿಲ್ವಲ್ಲ ಅಕ್ಕಾ?"

"ಅಜ್ಜಿ ಯಜಮಾನ್ರಿಗೆ ಕಿವಿ ಕೇಳಲ್ಲ, ಓದು ಬರಹಾನೂ ಬರಲ್ಲ. ಮೊಮ್ಮಗಳು ಕಳಿಸೋ ಬಟನ್ ಒಂದನ್ನ ತೋರಿಸ್ಕೊಟ್ಟಿದಾಳೆ, ಅಷ್ಟೇ."

ನಾನು ಹಾಕಿದ್ದ ಕೆಂಪಕ್ಷರದ ಎಚ್ಚರಿಕೆಯ ಮುಂದೆ ಆ ತಾತ ಮೂರು ದಿನ ಒತ್ತಿ ಒತ್ತಿ ಸೋತಿರಬೇಕು. ತಕ್ಷಣ ಅದನ್ನು ತೆಗೆದುಹಾಕಿದೆ. ಆಮೇಲೆ ಯಾವ ಕೆಲಸಕ್ಕೂ ಮನಸ್ಸಾಗಲಿಲ್ಲ. ಮೇಜಿನ ಮೇಲೆ ಬಿಸಿಲು ಮೆಲ್ಲಗೆ ಸರಿಯುತ್ತಿತ್ತು. ಕಾಣದ ಮನೆಯೊಂದರಲ್ಲಿ, ಕಾಣದ ಹೆಬ್ಬೆರಳೊಂದು ಬಟನ್ ಒತ್ತುವುದನ್ನೇ ಕಾಯುತ್ತ ಕೂತೆ.

ನಾಲ್ಕೂ ಹತ್ತಕ್ಕೆ ಬಂತು. ಪೂರ್ತಿ ಖಾಲಿ.

ಸಂದೇಶ ಬಂದ ಸಮಯ ನೋಡಿ ಅಜ್ಜಿ, "ಇವತ್ತು ಮಧ್ಯಾಹ್ನ ನಿದ್ದೆ ಮಾಡಿ ಎದ್ದಿದಾರೆ" ಅಂದು ನಕ್ಕರಂತೆ, ನರ್ಸಕ್ಕ ಹೇಳಿದರು. ಬರೆಯುತ್ತಿದ್ದಂತೆ ನಿದ್ದೆಗೆ ನನ್ನ ಕಣ್ಣು ಎಳೆಯುತ್ತಿದೆ. ಆ ಬಿಳಿ ಚೌಕದೊಳಗೆ ಅಜ್ಜಿ ಇನ್ನೂ ಏನೇನೆಲ್ಲ ಓದಿಕೊಂಡರೋ...