ಕಾಗೆಗೆ ಎಟುಕದ ಪೆಟ್ಟಿಗೆ

ಕಾಂದಿವಲಿ
೯ ಫೆಬ್ರವರಿ ೨೦೨೫

ಸೌಮ್ಯಾ,

ನಿನ್ನ ತಬ್ಯೇತು ಸರಿಯಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಸಂಕ್ರಾಂತಿಗೆ ಬರೆಯಬೇಕೆಂದಿದ್ದೆ. ಎಳ್ಳುಬೆಲ್ಲದ ಜೊತೆ ಕಾಗದವನ್ನೂ ಕಳಿಸಿದರೆ ಚೆನ್ನಾಗಿರುತ್ತದೆ ಎಂದು ಕೂತೆ, ಎರಡೂ ಆಗಲಿಲ್ಲ. ತಪ್ಪು ತಿಳಿಯಬೇಡ.

ಒಂದೇ ಮುಂಬಯಿಯಲ್ಲಿದ್ದು ಆಂಟಾಪ್ ಹಿಲ್‌ಗೆ ಕಾಗದ ಬರೆಯುವುದು ನಗೆಪಾಟಲಿನ ಕೆಲಸ. ಲೋಕಲ್ ಹಿಡಿದರೆ ಪೇಪರು ಓದಿ ಮುಗಿಸುವಷ್ಟರಲ್ಲಿ ನಿನ್ನ ಅಕ್ಕನ ಮನೆಯ ಹತ್ತಿರ ಇರುತ್ತೇನೆ. ಆದರೆ ಎದುರು ಕೂತರೆ ನಾವಿಬ್ಬರೂ ಚಹಾದ ಕಪ್ಪನ್ನೇ ನೋಡುತ್ತೇವೆ. ಫೋನಿನಲ್ಲಿ ‘ಊಟ ಆಯಿತೇ’ ಎಂಬಲ್ಲಿಂದ ಮುಂದೆ ಹೋಗುವುದಿಲ್ಲ. ಮೊನ್ನೆ ಅಕ್ಕನೇ ಫೋನ್ ಮಾಡಿದ್ದರು. “ಸೋಮನಾಥಾ, ನಿಶಾನ ವರ್ಷದ ಎಡಿ ಎಲ್ಲಿಡೂದು? ಇಲ್ಲೋ, ಅಲ್ಲೋ? ಇಕಿ ಅಂತೂ ಬಾಯಿ ಬಿಡವಲ್ಲಳು,” ಎಂದರು. ಈ ತಿಂಗಳ ಕೊನೆಗೆ ನಮ್ಮ ಮಗಳು ಹೋಗಿ ವರ್ಷವಾಗುತ್ತದೆ. ಎಡೆ ಇಲ್ಲಿಯೇ ಇಡಬೇಕು, ನೀನು ಮನೆಗೆ ಬರಬೇಕು. ಇದನ್ನು ಹೇಳುವುದಕ್ಕೇ ಈ ಕಾಗದ. ಉಳಿದದ್ದು ಸುದ್ದಿ.

ದೀಪಾವಳಿ ಮುಗಿಸಿ ಹೊರಟಾಗ ನೀನು ಹೇಳಿದ್ದು ಒಂದೇ ಮಾತು: “ಇಣಚಿಗೆ ಕಾಳು ಹಾಕೂದು ಮರೀಬ್ಯಾಡ್ರಿ.” ಅಳಿಲಿಗೆ ನೀನು ಇಣಚಿ ಎಂದಾಗಲೆಲ್ಲ ನಿಶಾ ನಗುತ್ತಿದ್ದಳು. ನಾನು ಮರೆಯಲಿಲ್ಲ. ಬೆಳಗ್ಗೆ ಕಾರ್ಖಾನೆಗೆ ಹೊರಡುವ ಮೊದಲು ಹಿತ್ತಲ ಗೋಡೆಯ ಮೇಲೆ ಶೇಂಗಾ ಇಡುತ್ತಿದ್ದೆ. ಬಾಗಿಲಿಗೆ ಬೀಗ ಹಾಕುವಷ್ಟರಲ್ಲಿ ಕಾಗೆಗಳು ಮುಗಿಸಿಬಿಡುತ್ತಿದ್ದವು. ಅಳಿಲು ಪೇರಲ ಗಿಡದ ಕವಲಿನಲ್ಲಿ ಬಾಲ ಬೆನ್ನಿಗೆ ಹೊದ್ದು ಕೂತು ನೋಡುತ್ತಿತ್ತು.

ಪ್ಲಾಸ್ಟಿಕ್ ಡಬ್ಬಿಗಳ ಅಚ್ಚಿಗೆ ನಕ್ಷೆ ಬರೆದೇ ಕೂದಲು ಬೆಳ್ಳಗಾದವನಿಗೆ ಇದೇನು ಮಹಾ ಎನಿಸಿತು. ಮೊದಲು ಒಂದು ತಟ್ಟೆಗೆ ತಂತಿಯ ಬಲೆ ಕಟ್ಟಿದೆ. ಕಾಗೆ ಬಲೆಯ ಕಣ್ಣಿನಿಂದಲೇ ಕಾಳು ಹೆಕ್ಕಿತು. ಆಮೇಲೆ ಕೀಲಿನ ಮುಚ್ಚಳವಿರುವ ಡಬ್ಬಿ. ಎರಡು ದಿನ ತಲೆ ಓರೆ ಮಾಡಿ ನೋಡಿ, ಮೂರನೆಯ ದಿನ ಕೊಕ್ಕಿನಿಂದ ಮುಚ್ಚಳ ಎತ್ತಿತು. ಕೊನೆಗೆ ತಲೆಕೆಳಗಾಗಿ ಯೋಚಿಸಿದೆ. ಮೇಲೆ, ಸುತ್ತಲೂ ಮುಚ್ಚಿದ ಪೆಟ್ಟಿಗೆ. ಬಾಯಿ ತಳದಲ್ಲಿ, ಗಿಡದ ಕಾಂಡಕ್ಕೆ ಅಂಟಿದಂತೆ. ಕಾಂಡ ಹತ್ತಿ ಬರುವ ಪ್ರಾಣಿ ಮಾತ್ರ ಒಳಗೆ ನುಸುಳಬಹುದು. ಕಾಗೆಗೆ ಜೋತು ಬೀಳಲು ಬರುವುದಿಲ್ಲ.

ಪ್ಲೈವುಡ್ ಕೊಯ್ದು ಕೊಟ್ಟವನು ನಮ್ಮ ಕಾರ್ಖಾನೆಯಿರುವ ಇಂಡಸ್ಟ್ರಿಯಲ್ ಎಸ್ಟೇಟಿನ ಬಡಗಿ ತೌಸಿಫ್. ನಕ್ಷೆಯನ್ನು ಅತ್ತ ಇತ್ತ ತಿರುಗಿಸಿ, “ಸಾಹೇಬ್ರ, ಇಣಚಿಗೆ ವನ್ ಬಿಎಚ್‌ಕೆ ಕಟ್ಟಾಕ್ಹತ್ತೀರೇನು? ಪಜೇಶನ್ ಯಾವಾಗ?” ಎಂದ.

“ಮುಂದಿನ ವಾರ.”

“ಅರೇ ವಾಹ್! ನಮ್ಮ ಚಾಳಿನ ಬಿಲ್ಡರ್ ಆರು ವರ್ಷದಿಂದ ಬರೇ ಬೋರ್ಡ್ ತೋರಸಾಕ್ಹತ್ಯಾನ. ನಿಮ್ಮ ನಂಬರ್ ಕೊಡ್ತೀನಿ ಅವಂಗ.” ಆಮೇಲೆ ಬಾಯಿಯ ಜಾಗ ಕಂಡು ಹುಬ್ಬೇರಿಸಿದ. “ದರ್ವಾಜಾ ಕೆಳಗ ಐತಲ್ರೀ! ಯಾರಿಗೆ ಹೆದರಿ ಕಟ್ಟೀರಿ ಇದನ್ನ?”

ಪೆಟ್ಟಿಗೆ ಕೆಲಸ ಮಾಡುತ್ತಿದೆ. ಅಳಿಲು ಎರಡನೆಯ ದಿನವೇ ದಾರಿ ಕಂಡುಕೊಂಡಿತು. ಆದರೆ ಒಂದು ವಿಷಯವನ್ನು ನಕ್ಷೆಯಲ್ಲಿ ಎಣಿಸಿರಲಿಲ್ಲ: ಸದ್ದು. ಅದು ಒಳಗೆ ಸಿಪ್ಪೆ ಸುಲಿಯುವಾಗ, ಯಾರೋ ಕಂಪಾಸ್ ಪೆಟ್ಟಿಗೆಯಲ್ಲಿ ಪೆನ್ಸಿಲ್ಲು ಹುಡುಕಿದಂತೆ ಕೇಳುತ್ತದೆ. ಸ್ವಲ್ಪ ಹುಡುಕಿ, ನಿಂತು, ಮತ್ತೆ ಹುಡುಕಿದಂತೆ. ರವಿವಾರಗಳಲ್ಲಿ ನಾನು ಅಡುಗೆಮನೆಯ ಕಿಟಕಿಯ ಬಳಿ ಕೂತು ಆ ಸದ್ದು ಮುಗಿಯುವವರೆಗೆ ಹಾಲು ಕಾಯಿಸುವುದಿಲ್ಲ. ಒಮ್ಮೆ, “ಸಿಕ್ತಾ?” ಎಂದು ಕೇಳಿಬಿಟ್ಟೆ. ಸದ್ದು ನಿಂತಿತು. ಆ ಇಡೀ ದಿನ ಯಾವ ಕೋಣೆಗೂ ಹೋಗಲು ಮನಸ್ಸಾಗಲಿಲ್ಲ.

ಮೇಲ್ಮಹಡಿಯ ಗುರುಬಾಯಿ ಕಾಕು ನಿನ್ನೆ ಒಣಹಾಕಿದ ಸೀರೆ ತೆಗೆಯಲು ಹಿತ್ತಲಿಗೆ ಬಂದರು. ಪೆಟ್ಟಿಗೆಯ ಮೇಲೆ ಒಂದು ಕಾಗೆ ಕೂತಿತ್ತು. ಅದು ದಿನವೂ ಬರುತ್ತದೆ, ಕೂಗುವುದಿಲ್ಲ, ಹಲಗೆಯನ್ನು ಕೊಕ್ಕಿನಿಂದ ಮುಟ್ಟಿ ನೋಡಿ ಹೋಗುತ್ತದೆ. ಕಾಕು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು ನನ್ನ ಮೇಲೆ ಹರಿಹಾಯ್ದರು.

“ಮಗಳ ವರ್ಷ ತುಂಬಿಲ್ಲ, ಕಾಗಿಗೆ ಬಾಗಲಾ ಹಾಕಿಯಲ್ಲೋ! ಕಲತಾವ್ರು ಮಾಡೂ ಕೆಲಸೇನು ಇದು?”

“ಇದು ಅಳಿಲಿಗೆ ಮಾಡಿದ್ದು ಕಾಕು. ಕಾಗೆ ಎಲ್ಲ ತಿಂದುಬಿಡತಾವ.”

“ತಿಂದ್ರ ತಿನ್ನಲಿ! ಇಣಚಿ ಏನ್ ನಿನ್ನ ಬೀಗರೇನು? ಕಾಗಿ ಬಾಯಿ ಹಾಕಿದ್ರ ಸತ್ತಾವ್ರು ತೃಪ್ತಿ ಆಗಿ ದಾರಿ ಹಿಡೀತಾರ. ಆವತ್ತಂತೂ ಮುಟ್ಟಲಿಲ್ಲ. ಆ ಕೂಸು ಇನ್ನೂ ಇಲ್ಲೇ ಗೋಡಿ ಹಿಡಕೊಂಡು ನಿಂತಿರತದೋ, ಹುಚ್ಚಪ್ಪಾ.”

ಬಯ್ದವರು ಸಂಜೆ ಒಂದು ಬಟ್ಟಲು ಮಾದಲಿ ಕಳಿಸಿದರು. ನಾನು ತಿಂದೆ.

ಆವತ್ತು, ಅವಳ ಉತ್ತರಕ್ರಿಯೆಯ ದಿನ, ನಿನಗೆ ನೆನಪಿದೆ. ಅದೇ ಗೋಡೆಯ ಮೇಲೆ ಎಡೆ ಇಟ್ಟು ಎಲ್ಲರೂ ಕೈಮುಗಿದು ನಿಂತಿದ್ದೆವು. ಕಾಗೆ ಬಂದು ಕೂತಿತು, ಮುಟ್ಟಲಿಲ್ಲ. ಮನಸ್ಸಿನಲ್ಲಿ ಏನೋ ಉಳಿದಿದೆ, ಮಾತು ಕೊಡಿರಿ ಎಂದರು ಹಿರಿಯರು. ನಿನ್ನ ಅಕ್ಕ, “ನಿನ್ನ ಸೈಕಲ್ ಯಾರಿಗೂ ಕೊಡಂಗಿಲ್ಲವ್ವಾ, ಮುಟ್ಟು,” ಎಂದರು. ಗುರುಬಾಯಿ ಕಾಕು, “ನಿನ್ನ ಅವ್ವನ ನಾ ನೋಡಕೋತೀನಿ, ಬಾ ನನ್ನ ತಾಯಿ,” ಎಂದು ಸೆರಗೊಡ್ಡಿದರು. ನಾನು ಅವಳ ಕೋಣೆಯ ಬಗ್ಗೆ ಏನೋ ತೊದಲಿದೆ. ನೀನೊಬ್ಬಳೇ ಏನೂ ಹೇಳಲಿಲ್ಲ. ಕಾಗೆ ಹಾರಿಹೋಯಿತು. ಎಲ್ಲಿಂದಲೋ ಇಳಿದು ಬಂದ ಅಳಿಲು ಹೋಳಿಗೆಯ ಅಂಚು ಕಡಿದು ಓಡಿತು. ಅದು ಲೆಕ್ಕಕ್ಕಿಲ್ಲ ಎಂದರು. ಮರುದಿನದಿಂದ ನೀನು ಅದಕ್ಕೆ ಕಾಳು ಹಾಕತೊಡಗಿದೆ. ನಾನು ಯಾಕೆಂದು ಕೇಳಲಿಲ್ಲ.

ಇರಲಿ. ಗ್ರಾಂಟ್ ರೋಡಿನ ಅಂಗಡಿಯಿಂದ ನೀನು ಹೇಳಿದ್ದ ಮಂಡಿನೋವಿನ ಎಣ್ಣೆ ತಂದಿಟ್ಟಿದ್ದೇನೆ. ಪೇರಲ ಹೂ ಬಿಟ್ಟಿದೆ. ಅಕ್ಕನಿಗೂ ನಿನ್ನ ಭಾವನವರಿಗೂ ನನ್ನ ನಮಸ್ಕಾರ ತಿಳಿಸು. ಬಿ.ಪಿ. ಗುಳಿಗೆ ತಪ್ಪಿಸಬೇಡ. ನಿನಗೆ ಒಳ್ಳೆಯ ನಿದ್ದೆ ಬರಲಿ. ಈಗ ದೇವರಲ್ಲಿ ಬೇರೇನು ಕೇಳಬೇಕೋ ನನಗೆ ತಿಳಿಯದು.

ನಿನ್ನ
ಸೋಮನಾಥ

ತಾ.ಕ.: ಕಾಕುವಿಗೆ ಕೊಟ್ಟ ಉತ್ತರವನ್ನು ನಿನ್ನೆಯವರೆಗೂ ನಾನೇ ನಂಬಿದ್ದೆ. ಆವತ್ತು ಕಾಗೆ ಹಾರಿಹೋದಾಗ ನಾನು ನಿನ್ನ ಮುಖ ನೋಡಿದೆ. ಅಲ್ಲಿ ಸಂಕಟವಿರಲಿಲ್ಲ. ಊರಿಗೆ ಹೊರಟ ಮಗಳು ಬಸ್ಸು ತಪ್ಪಿ ಮನೆಗೆ ಮರಳಿದರೆ ತಾಯಿಯ ಮುಖದಲ್ಲಿ ಏನಿರುತ್ತದೋ ಅದು ಇತ್ತು. ಅದೇ ಗಳಿಗೆಯಲ್ಲಿ ನೀನೂ ನನ್ನನ್ನು ನೋಡಿದೆ. ನಿನಗೆ ಕಂಡದ್ದೂ ಅದೇ. ಅಲ್ಲಿಂದ ಮುಂದೆ ನಾವು ಒಬ್ಬರ ಮುಖ ಒಬ್ಬರು ನೋಡಲಾರದವರಾದೆವು. ಈ ಸಲ ಕಾಗೆ ಮುಟ್ಟುತ್ತದೆ ಸೌಮ್ಯಾ, ಅದು ಕಾಯುತ್ತಿರುವುದನ್ನು ದಿನವೂ ನೋಡುತ್ತಿದ್ದೇನೆ. ಅದು ಎಡೆಗೆ ಬಾಯಿ ಹಾಕುವಾಗ ನಾನು ಓಡಿಸದಂತೆ ನನ್ನ ಕೈ ಹಿಡಿದುಕೊಳ್ಳಬೇಕು ನೀನು.