ಸತ್ಕಾರಕ್ಕೆ ಹೋದ ಸ್ವಗತ

ಸಂಖ
೧೬ ಫೆಬ್ರುವರಿ ೨೦೨೫

ಅಕ್ಕ ದಾಕ್ಷಾಯಣಿಗೆ ನಂದಾಳ ಶರಣು.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ನಾಟಕ ಮುಗಿಯಲಿ, ಚಲೋ ಸುದ್ದಿಯನ್ನೇ ಬರೆಯೋಣ ಎಂದು ಕಾದೆ. ನಾಟಕ ನಿನ್ನೆ ಮುಗಿಯಿತು. ಛೀ, ಬರೆಯಲು ಚಲೋ ಸುದ್ದಿ ಏನೂ ಇಲ್ಲ.

ಹತ್ತು ವರ್ಷದ ಹಿಂದೆ ಬಾವಿ ನೀರಿನ ಪಾಳಿಗಾಗಿ ನಮ್ಮ ಯಜಮಾನರನ್ನು ಕೊಂದ ಬಸಗೊಂಡ ಬರುವ ತಿಂಗಳು ಜೈಲಿನಿಂದ ಹೊರಗೆ ಬರುತ್ತಾನೆ. ಮಗ ಮಹಾಂತ ಸೇಡಿಗಾಗಿ ದಿನ ಎಣಿಸುತ್ತಿದ್ದಾನೆ. ಬುದ್ಧಿ ಹೇಳಿದರೆ ಎದ್ದು ಹೋಗುತ್ತಾನೆ. ಅದಕ್ಕೇ ತರುಣ ಮಂಡಳದವರು ಸೇಡಿನ ನಾಟಕ ಬರೆದುಕೊಡಿ ಎಂದಾಗ ಒಪ್ಪಿದೆ, ಸೇಡು ತೀರಿಸುವ ಪಾತ್ರಕ್ಕೆ ಮಗನನ್ನೇ ಹಾಕಿದೆ. "ಆಟಕ್ಕಾದ್ರೂ ಅವನ ಕೈಯಾಗ ಚಾಕು ಕೊಡಬ್ಯಾಡ" ಎಂದು ನೀನು ಬೈದಿದ್ದೆ. ನನ್ನ ಕಣ್ಣು ಇದ್ದದ್ದು ಕೊಲೆಗಿಂತ ಮೊದಲು ಬರುವ ಸ್ವಗತದ ಮೇಲೆ; ಅದನ್ನು ಆಡುತ್ತ ಆಡುತ್ತ ಮಗ ತುಸು ಯೋಚಿಸಿಯಾನು ಎಂದುಕೊಂಡಿದ್ದೆ.

ಅಲ್ಲಿ ನಾಯಕ ಒಬ್ಬನೇ ನಿಂತು ಹೇಳುತ್ತಾನೆ: "ಕೊಂದವನ ನಡಿಗೆ ನೆನಪಿದೆ, ಅವನ ಕೆಮ್ಮು ನೆನಪಿದೆ. ನನ್ನಪ್ಪ ಹೇಗೆ ನಗುತ್ತಿದ್ದ?" ತಾಲೀಮಿನಲ್ಲಿ ಮಹಾಂತ ಅಲ್ಲಿಗೇ ನಿಂತುಬಿಟ್ಟ. "ಅವ್ವಾ, ಅಪ್ಪ ಖರೇನ ಹ್ಯಾಂಗ ನಗ್ತಿದ್ದ?" ಎಂದು ಕೇಳಿದ. ನನಗೂ ಥಟ್ಟನೆ ನೆನಪಾಗಲಿಲ್ಲ. ಬರೆದವಳು ನಾನೇ, ಆದರೂ ನನ್ನ ನಾಟಕ ನನಗೆ ಪೂರ್ತಿ ತಿಳಿದದ್ದು ಆಗ. ಅಲ್ಲಿಯವರೆಗೆ ಅದು ಒಬ್ಬ ಗಂಡುಗಲಿಯ ಕಥೆಯಾಗಿತ್ತು. ಆ ಎರಡು ಮಾತಿನಲ್ಲಿ, ಸತ್ತವನನ್ನು ಮರೆತು ಕೊಂದವನನ್ನೇ ಎದೆಯಲ್ಲಿ ಸಾಕಿಕೊಂಡ ನತದೃಷ್ಟ ಕಾಣಿಸಿದ. ಆ ವಾರವಿಡೀ ಮಗ ಬಸಗೊಂಡನ ಹೆಸರೆತ್ತಲಿಲ್ಲ, ಅಪ್ಪನ ಸುದ್ದಿಯನ್ನೇ ಕೇಳಿದ.

ನಿನ್ನೆ ಸಂಜೆ ಅವನು ಸ್ವಗತಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಂಡಳದ ಅಧ್ಯಕ್ಷ ದುಂಡಪ್ಪ ಮೈಕು ಹಿಡಿದು ರಂಗಕ್ಕೇ ಬಂದ. ಯಳವಿ ಊರಿನ ಅತಿಥಿಗಳು ತಡವಾಗಿ ಬಂದಿದ್ದರಂತೆ. ಸತ್ಕಾರ ಶುರು! ಹದಿನೇಳು ಜನಕ್ಕೆ ತಲೆಗೆ ಫೇಟಾ, ಹೆಗಲಿಗೆ ಶಾಲು, ತೆಂಗಿನಕಾಯಿ, ಹಲ್ಲು ಕಿಸಿದು ಫೋಟೊ. ಆಮೇಲೆ ನನ್ನ ಹತ್ತಿರ ಬಂದು, "ನಂದಾಬಾಯಾರ, ಭಾಳ ಹೊತ್ತಾತು. ಆ ಒಬ್ಬನ ನಿಂತು ಮಾತಾಡೂದು ಬಿಟ್ಟುಬಿಡ್ರಿ. ಮಂದಿಗೆ ಕೊಲಿ ಬೇಕ್ರಿ, ಕೊಲಿ!" ಎಂದ.

"ಆ ಮಾತಿಲ್ಲಂದ್ರ ಇದು ಕುರಿ ಕಡಿಯೂ ಆಟ ಆಗ್ತೈತ್ರಿ" ಎಂದೆ.

"ಆಗಲಿ ಬಿಡ್ರಿ" ಎಂದು ನಕ್ಕ. ಆ ನಗುವಿಗೆ ಉಗುಳಬೇಕೆನಿಸಿತು.

ನೇರ ಕೊಲೆಗೇ ಹೋದರು. ಮಹಾಂತ ಚಾಕು ಹಾಕಿದ. ಶೀಟಿಯೋ ಶೀಟಿ! ಕಂಕುಳಲ್ಲಿ ಕೂಸು ಹೊತ್ತ ಹೆಂಗಸರೂ "ಹಾಕು, ಇನ್ನೊಂದ ಹಾಕು" ಎಂದು ಕೂಗಿದರು. ನಮ್ಮವರು ಸತ್ತಾಗ ನನ್ನ ಅಂಗಳದಲ್ಲಿ ಕೂತು ಅತ್ತ ಮಂದಿಯೇ ಅಕ್ಕ ಇವರು. ಎಂಥ ಹೇಸಿ ಜನ! ಇನ್ನು ಇವರ ಮುಖ ಹೇಗೆ ನೋಡಲಿ?

ಭಾವನವರಿಗೆ ನಮಸ್ಕಾರ ಹೇಳು. ನಿನ್ನ ಮೊಮ್ಮಗಳಿಗೆ ಹಾಲುಹಲ್ಲು ಬಿದ್ದಿತಂತೆ; ಅವಳ ನೆತ್ತಿಗೆ ನನ್ನದೊಂದು ಮುತ್ತು, ನೂರು ವರ್ಷ ಬಾಳಲಿ.

ನಿನ್ನ ತಂಗಿ,
ನಂದಾ

ತಾ.ಕ.: ಮಂದಿಯನ್ನೆಲ್ಲ ಬೈದೆ, ಒಂದನ್ನು ಮುಚ್ಚಿಟ್ಟೆ. ಚಾಕು ಇಳಿದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಹೇಗೆ ತಟ್ಟಿದೆನೋ, ಆ ಶಿವನೇ ಬಲ್ಲ. ಶೀಟಿ ಬಂದದ್ದು ಆಮೇಲೆ. ಮಗ ರಂಗದ ಮೇಲಿನಿಂದ ನನ್ನನ್ನೇ ನೋಡಿದ. ಇವತ್ತು ಮುಂಜಾನೆ ನಾನು ಚಹಾ ಕೊಡುವಾಗ ಮೆಲ್ಲಗೆ ಕೇಳಿದ: "ನಿನಗೂ ಅದ ಬೇಕಾಗಿತ್ತಂದ್ರ ಮೊದಲ ಹೇಳಬಾರದೇನವ್ವಾ?"